ಪಿಟೀಲಿನ ತಂತಿಯ ಮಾರ್ಕು ಮತ್ತು ನಾದಗುಣ

ಯಾವ ಮಾರ್ಕಿನ ತಂತಿ ಉತ್ತಮವಾದುದು? ಪಿಟೀಲನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರ ಮುಂದೆ ಮೇಲಿಂದ ಮೇಲೆ ಇಡುವ ಪ್ರಶ್ನೆ ಇದು. ಉತ್ತರವೂ ಸಾಮಾನ್ಯವಾಗಿ ಒಂದು ಹೆಸರಿನಲ್ಲಿ ಮುಗಿದುಹೋಗುತ್ತದೆ. ಆದರೆ ವಿದೇಶದಲ್ಲಿ ತಯಾರಾದ ನಾಲ್ಕು ತಂತಿಗಳ ಒಂದು ಸೆಟ್ಟಿನ ಬೆಲೆ ಸಾಧಾರಣ ಸಂಸಾರದ ವಿದ್ಯಾರ್ಥಿಗೆ ಹಗುರವಾದುದಲ್ಲ. ಮಂಡಿಕಲ್ಲಿನಂಥ ಹೋಬಳಿಯ ಊರಿನಿಂದ ಬರುವವರಿಗೆ ಹತ್ತು ಬಗೆಯ ತಂತಿಗಳನ್ನು ಹಾಕಿ ನೋಡಿ ಆರಿಸುವ ಅನುಕೂಲವೂ ಇರುವುದಿಲ್ಲ. ಆದುದರಿಂದ ತಂತಿಯನ್ನು ಬದಲಾಯಿಸಿದಾಗ ನಾದದಲ್ಲಿ ಬದಲಾಗುವುದು ಯಾವುದು, ಏತಕ್ಕಾಗಿ ಎಂಬುದನ್ನು ವಿಚಾರಮಾಡುವುದು ಉಪಯುಕ್ತವಾದುದು.

ಕಂಪಿಸುವ ತಂತಿಯ ನಿಯಮಗಳನ್ನು ಫ್ರಾನ್ಸಿನ ಮರ್ಸೆನ್ 1636ರಲ್ಲಿಯೇ ಪ್ರಕಟಿಸಿದ್ದನು. ತಂತಿಯ ಉದ್ದ, ಅದರ ಬಿಗಿತ, ಏಕಮಾನ ಉದ್ದಕ್ಕೆ ಅದಕ್ಕಿರುವ ತೂಕ, ಈ ಮೂರರಿಂದ ಸ್ವರದ ಎತ್ತರ ನಿರ್ಧಾರವಾಗುತ್ತದೆ. ಪಿಟೀಲಿನಲ್ಲಿ ಕುದುರೆಯಿಂದ ಮೇಲಿನ ಮೆಟ್ಟಿನವರೆಗಿನ ಉದ್ದ ಸುಮಾರು 33 ಸೆಂಟಿಮೀಟರ್, ಅದು ಸ್ಥಿರವಾದುದು. ಹೀಗಿರುವಲ್ಲಿ ಒಂದೇ ಸ್ವರವನ್ನು ಭಾರವಾದ ತಂತಿಯನ್ನು ಹೆಚ್ಚು ಬಿಗಿದೂ ಪಡೆಯಬಹುದು, ಹಗುರವಾದ ತಂತಿಯನ್ನು ಕಡಿಮೆ ಬಿಗಿದೂ ಪಡೆಯಬಹುದು. ಸ್ವರ ಒಂದೇ ಆದರೂ ನಾದಗುಣ ಒಂದೇ ಆಗುವುದಿಲ್ಲ. ತಂತಿಯ ಒಳರಚನೆ ಇಲ್ಲಿ ಮುಖ್ಯವಾಗುತ್ತದೆ.

ತಂತಿಗೆ ಒಂದು ತಿರುಳು, ಅದರ ಮೇಲೆ ಬೆಳ್ಳಿ, ಅಲ್ಯುಮಿನಿಯಂ ಮುಂತಾದ ಲೋಹದ ಸುತ್ತು ಇರುವುದು ಸಾಮಾನ್ಯ. ತಿರುಳು ಮೂರು ಬಗೆ: ಕುರಿಯ ಕರುಳು, ಕೃತಕ ಎಳೆ, ಉಕ್ಕು. ಶಿಡ್ಲಘಟ್ಟ, ಚಿಂತಾಮಣಿಯ ಸೀಮೆಯವರಿಗೆ ಇದರ ಮರ್ಮವನ್ನು ತಿಳಿಯುವುದು ಕಷ್ಟವಲ್ಲ. ನೂಲು ಬಿಚ್ಚುವವರು ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ದಾರ ಮಾಡುತ್ತಾರೆ; ಆ ದಾರಗಳನ್ನು ಮತ್ತೆ ಹುರಿಮಾಡುತ್ತಾರೆ. ಹುರಿ ಬಲವಾದುದು, ಆದರೂ ಸುಲಭವಾಗಿ ಬಳುಕುತ್ತದೆ. ಅದೇ ಗಾತ್ರದ ಒಂಟಿ ಕಡ್ಡಿ ಹಾಗೆ ಬಳುಕದು. ದುಂಡು ಎಳೆಯ ಪೆಡಸು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಒಂದು ಎಳೆಯ ಬದಲು ಅಷ್ಟೇ ಒಟ್ಟು ಗಾತ್ರದ ನೂರು ಸಣ್ಣ ಎಳೆಗಳನ್ನಿಟ್ಟು, ಅವು ಒಂದರ ಮೇಲೊಂದು ಜಾರುವಂತಿದ್ದರೆ, ಪೆಡಸು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೃತಕ ಎಳೆಯ ತಿರುಳೂ ಹುರಿಮಾಡಿದ ಉಕ್ಕಿನ ತಿರುಳೂ ಈ ತತ್ತ್ವವನ್ನೇ ಅವಲಂಬಿಸಿವೆ.

ಮಾರ್ಕಿನ ಹೆಸರು ಈ ರಚನೆಯನ್ನು ತಿಳಿಸುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಜರ್ಮನಿಯ ಪಿರಾಸ್ಟ್ರೊ ಸಂಸ್ಥೆಯೊಂದೇ ಕರುಳಿನ ತಿರುಳುಳ್ಳ ಯೂಡೋಕ್ಸಾ, ಕೃತಕ ಎಳೆಯ ಟೋನಿಕಾ, ಉಕ್ಕಿನ ಕ್ರೋಮ್‌ಕೋರ್ ಎಂಬ ಮೂರು ಬೇರೆ ಬೇರೆ ಸ್ವಭಾವದ ತಂತಿಗಳನ್ನು ಮಾರುತ್ತದೆ. ವಿಯೆನ್ನಾದ ಥೋಮಾಸ್ಟಿಕ್ ಸಂಸ್ಥೆ ಕೃತಕ ಎಳೆಯ ಡೊಮಿನೆಂಟ್ ತಂತಿಯನ್ನು 1970ರ ಸುಮಾರಿಗೆ ಬಳಕೆಗೆ ತಂದಿತು. ಉಕ್ಕಿನ ಹುರಿಯ ತಂತಿಯೂ ಅದರಲ್ಲಿಯೇ ದೊರೆಯುತ್ತದೆ.

ಇನ್ನು ಕಮಾನಿನ ವಿಷಯ. ಕಮಾನು ಎಳೆದಾಗ ತಂತಿ ಬಿಲ್ಲಿನಂತೆ ಬಾಗಿ ಆಡುತ್ತದೆಂದು ಕಣ್ಣಿಗೆ ತೋರುತ್ತದೆ. ವಾಸ್ತವವಾಗಿ ಒಂದು ಚೂಪಾದ ಕೋನ ತಂತಿಯ ಮೇಲೆ ಒಂದು ಕೊನೆಯಿಂದ ಮತ್ತೊಂದು ಕೊನೆಗೆ ಓಡಾಡುತ್ತಿರುತ್ತದೆ. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಕಂಡನು. ಮುಂದೆ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ 1918ರ ತಮ್ಮ ಪ್ರಬಂಧದಲ್ಲಿ ಇದರ ಸಿದ್ಧಾಂತವನ್ನು ವಿಸ್ತಾರವಾಗಿ ನಿರೂಪಿಸಿದರು. ಆ ಕೋನ ಎಷ್ಟು ಚೂಪಾಗಿರುತ್ತದೆಯೋ ನಾದದಲ್ಲಿ ಮೇಲಿನ ಸ್ವಯಂಭೂ ಸ್ವರಗಳು ಅಷ್ಟು ಹೆಚ್ಚು. ನಾದ ಅಷ್ಟು ಪ್ರಖರ. ಪೆಡಸಾದ ತಂತಿಯಲ್ಲಿ ಕೋನ ಮೊಂಡಾಗುತ್ತದೆ. ಕರುಳು ಮತ್ತು ಕೃತಕ ಎಳೆಗಳು ತಮ್ಮೊಳಗಿನ ಘರ್ಷಣೆಯಿಂದ ಮೇಲಿನ ಸ್ವರಗಳನ್ನು ಬೇಗ ಹೀರಿಕೊಳ್ಳುತ್ತವೆ. ಆದುದರಿಂದ ಅವುಗಳ ನಾದ ಮೃದು. ಉಕ್ಕಿನಲ್ಲಿ ಈ ಹೀರಿಕೆ ಅಲ್ಪ. ಆದುದರಿಂದ ನಾದ ತೀಕ್ಷ್ಣ, ಶ್ರುತಿಯೂ ಹೆಚ್ಚು ಸ್ಥಿರ. ಕರುಳು ಗಾಳಿಯ ತೇವಕ್ಕೆ ಒಳಗಾಗಿ ಶ್ರುತಿ ಬಿಡುತ್ತದೆ.

ಇಲ್ಲಿಯವರೆಗೆ ಹೇಳಿದುದು ಎಲ್ಲ ದೇಶದ ಪಿಟೀಲಿಗೂ ಸಮಾನ. ಕರ್ನಾಟಕ ಸಂಗೀತದಲ್ಲಿ ಮತ್ತೊಂದು ವಿಶೇಷವುಂಟು. ಪಾಶ್ಚಾತ್ಯರು ನಾಲ್ಕು ತಂತಿಗಳನ್ನು ಜಿ, ಡಿ, ಎ, ಇ ಸ್ವರಗಳಿಗೆ ಕೂಡಿಸುತ್ತಾರೆ. ತಯಾರಕರು ಹೇಳುವ ಬಿಗಿತವೂ ಗುಣವೂ ಆ ಸ್ವರಗಳಿಗೆ ಸಂಬಂಧಿಸಿದುವು. ನಾವು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಕೂಡಿಸುತ್ತೇವೆ. ಷಡ್ಜವಾದರೋ ಗಾಯಕರ ಕಂಠವನ್ನು ಅನುಸರಿಸುತ್ತದೆ. ಷಡ್ಜವನ್ನು ಡಿ ಸ್ವರದಲ್ಲಿ, ಅಂದರೆ ಹಾರ್ಮೋನಿಯಂನ ಎರಡನೆಯ ಬಿಳಿ ಮನೆಯಲ್ಲಿ ಇಟ್ಟೆವೆನ್ನೋಣ. ಆಗ ಮೊದಲನೆಯ ತಂತಿ ಸೆಕೆಂಡಿಗೆ 660 ಕಂಪನಗಳಿಂದ 440ಕ್ಕೆ ಇಳಿಯುತ್ತದೆ. ಬಿಗಿತ ಕಂಪನಸಂಖ್ಯೆಯ ವರ್ಗವನ್ನು ಅನುಸರಿಸುವುದರಿಂದ ಅದು ಒಂಬತ್ತರಲ್ಲಿ ನಾಲ್ಕು ಪಾಲಾಗುತ್ತದೆ. ಸುಮಾರು 8 ಕಿಲೋಗ್ರಾಂ ಇದ್ದ ಸೆಳೆತ ಮೂರೂವರೆಯ ಆಸುಪಾಸಿಗೆ ಬರುತ್ತದೆ. ಎರಡನೆಯ ತಂತಿಗೂ ಇದೇ ಪ್ರಮಾಣ. ಮೂರನೆಯ, ನಾಲ್ಕನೆಯ ತಂತಿಗಳಲ್ಲಿ ಹದಿನಾರರಲ್ಲಿ ಒಂಬತ್ತು ಪಾಲು ಮಾತ್ರ ಉಳಿಯುತ್ತದೆ. ಷಡ್ಜವನ್ನು ಜಿ ಸ್ವರದಲ್ಲಿಟ್ಟು ಹಾಡುವ ಗಾಯಕಿಗೆ ಪಕ್ಕವಾದ್ಯ ನುಡಿಸುವಾಗಲಾದರೋ ಕೆಳಗಿನ ಎರಡು ತಂತಿಗಳ ಬಿಗಿತದಲ್ಲಿ ವ್ಯತ್ಯಾಸವೇ ಇಲ್ಲ. ಮೇಲಿನ ಎರಡರಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಕಡಿಮೆಯಾಗುತ್ತದೆ.

ಇದರ ಪರಿಣಾಮ ಗಂಭೀರವಾದುದು. ಸಡಿಲವಾದ ತಂತಿ ಕಮಾನಿನ ಒತ್ತಡವನ್ನು ತಾಳಲಾರದು. ಒತ್ತಡದ ಮೇಲಿನ ಮಿತಿಯನ್ನು ಅಮೆರಿಕದ ಶೆಲ್ಲೆಂಗ್ 1973ರಲ್ಲಿ ವಿವರಿಸಿದ ಕ್ರಮದಲ್ಲಿ ಲೆಕ್ಕಹಾಕಿದರೆ, ಮೇಲಿನ ಉದಾಹರಣೆಯ ಮೊದಲನೆಯ ತಂತಿಯಲ್ಲಿ ಅದು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಅದನ್ನು ಮೀರಿದರೆ ನಾದ ಕರ್ಕಶವಾಗುತ್ತದೆ. ಬಲವಾಗಿ ನುಡಿಸಿದಾಗ ಶ್ರುತಿ ಅಲುಗುವುದೂ ಸಡಿಲ ತಂತಿಯಲ್ಲಿಯೇ ಹೆಚ್ಚು. ದಪ್ಪ ತಂತಿಯಿಂದ ಇದನ್ನು ಪೂರ್ತಿಯಾಗಿ ಸರಿಪಡಿಸಬಹುದೇ? 0.26 ಮಿಲಿಮೀಟರ್ ವ್ಯಾಸದ ಉಕ್ಕಿನ ತಂತಿಗೆ ಬದಲು 0.39 ಮಿಲಿಮೀಟರಿನದು ಬೇಕಾಗುತ್ತದೆ. ಆಗ ಪೆಡಸು ಐದು ಮಡಿ ಏರುತ್ತದೆ. ದಪ್ಪವೆಂದು ಮಾರಾಟವಾಗುವ ಮೊದಲನೆಯ ತಂತಿಗಳ ವ್ಯಾಸ ಸಾಮಾನ್ಯವಾಗಿ 0.28ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಸ್ವಲ್ಪ ದಪ್ಪನೆಯ, ಹೆಚ್ಚು ಬಿಗಿತಕ್ಕೆಂದು ತಯಾರಾದ, ಆದರೆ ಬಳುಕುವ ತಿರುಳುಳ್ಳ ತಂತಿಯೇ ತಗ್ಗು ಶ್ರುತಿಗೆ ಹೊಂದತಕ್ಕದ್ದು. ಒಬ್ಬರು ಎತ್ತರದ ಶ್ರುತಿಯಲ್ಲಿ ಮೆಚ್ಚಿದ ಮಾರ್ಕು ಮತ್ತೊಬ್ಬರ ತಗ್ಗು ಶ್ರುತಿಯಲ್ಲಿ ನಿರಾಶೆ ತಂದರೆ ಆಶ್ಚರ್ಯವಿಲ್ಲ.

ತಂತಿಯ ವ್ಯವಸ್ಥೆಯನ್ನು ನಮ್ಮ ಸಂಗೀತದ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಬಹುದೆಂಬುದಕ್ಕೆ ಮೈಸೂರು ಟಿ. ಚೌಡಯ್ಯನವರು (1895–1967) ನಿದರ್ಶನ. ಧ್ವನಿವರ್ಧಕದ ಸೌಕರ್ಯವಿಲ್ಲದ ಸಭೆಗಳಲ್ಲಿ ಹಿಂದೆ ಕುಳಿತವರಿಗೂ ನಾದ ಮುಟ್ಟಬೇಕೆಂದು ಅವರು ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಢಿಸಿಕೊಂಡರು. ಅವರು ತಮ್ಮ ಕೊರತೆ ಇಂಥದೆಂದು ಮೊದಲು ಗುರುತಿಸಿ ಅನಂತರ ತಂತಿಯ ಕಡೆಗೆ ತಿರುಗಿದರೆಂಬ ಅಂಶ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಎರಡು ಮಾರ್ಕುಗಳನ್ನು ಹೋಲಿಸುವವರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ಬೆವರು, ರಾಳದ ಪುಡಿ, ಬೆರಳಿನ ಸವೆತಗಳಿಂದ ಹಳೆಯ ತಂತಿಯ ನಾದ ಮಂಕಾಗಿರುತ್ತದೆ. ಅದನ್ನು ತೆಗೆದು ಹೊಸ ಮಾರ್ಕಿನದನ್ನು ಹಾಕಿದಾಗ ಕಂಡುಬರುವ ಕಾಂತಿ ಮಾರ್ಕಿನದೋ ಹೊಸತನದ್ದೋ ಹೇಳಲಾಗದು. ಹೊಸದನ್ನು ಹೊಸದರೊಡನೆಯೇ ಹೋಲಿಸಬೇಕು. ತಂತಿ ಹಿಗ್ಗಿ ನೆಲೆಗೊಳ್ಳಲು ಕೆಲವು ದಿನ ಬಿಡಬೇಕು. ವಾದ್ಯ, ಕಮಾನು, ರಾಳ, ಶ್ರುತಿ ಒಂದೇ ಆಗಿರಬೇಕು. ರಾಮನ್ ಅವರು 1920ರಲ್ಲಿ ಯಂತ್ರದಿಂದ ಪಿಟೀಲನ್ನು ನುಡಿಸಿ ಪ್ರಯೋಗ ನಡೆಸಿದ್ದು ಕಮಾನಿನ ವೇಗ, ಒತ್ತಡ, ಸ್ಥಾನಗಳನ್ನು ಹತೋಟಿಯಲ್ಲಿಡುವುದಕ್ಕಾಗಿಯೇ. ನಮ್ಮ ಕಾಲೇಜುಗಳಲ್ಲಿ ಅಂಥ ಯಂತ್ರವಿಲ್ಲದಿದ್ದರೂ ತೆರೆಯ ಹಿಂದೆ ನುಡಿಸಿ, ಕೇಳುವವರಿಗೆ ಮಾರ್ಕಿನ ಹೆಸರನ್ನು ತಿಳಿಸದಿರುವುದು ಸಾಧ್ಯ. ಬಿಗಿತ ಬದಲಾದರೆ ಕುದುರೆ ಮೇಲುಹಲಗೆಯನ್ನು ಒತ್ತುವ ಬಲವೂ ಬದಲಾಗುವುದರಿಂದ ಕುದುರೆಯ ನಿಲುವನ್ನೂ ಪರೀಕ್ಷಿಸಬೇಕು.

ಹೀಗೆ ಯಾವ ಮಾರ್ಕು ಎಂಬ ಪ್ರಶ್ನೆಗೆ ಮೊದಲು ನನ್ನ ಶ್ರುತಿ ಯಾವುದು, ತಂತಿಯ ತಿರುಳು ಯಾವುದು, ಆ ಶ್ರುತಿಯಲ್ಲಿ ಉಳಿಯುವ ಬಿಗಿತವೆಷ್ಟು ಎಂಬ ಮೂರು ಪ್ರಶ್ನೆಗಳು ಬರತಕ್ಕವು. ಇವನ್ನು ಕೇಳಿಕೊಂಡ ವಿದ್ಯಾರ್ಥಿ ಅನಾವಶ್ಯಕವಾದ ವೆಚ್ಚದಿಂದ ಉಳಿದುಕೊಳ್ಳುವನು. ಸಂಗೀತ ಮತ್ತು ಭೌತಶಾಸ್ತ್ರ ವಿಭಾಗಗಳ ಅಧ್ಯಾಪಕರು ಜೊತೆಗೂಡಿ, ಶ್ರುತಿ, ತಂತಿ, ಹಾಕಿದ ದಿನ, ಕೇಳಿದವರ ಅಭಿಪ್ರಾಯ ಇಷ್ಟನ್ನು ಒಂದು ಪುಸ್ತಕದಲ್ಲಿ ವರ್ಷವರ್ಷವೂ ಬರೆದಿಡುತ್ತ ಬಂದರೆ, ಮುಂದೆ ಬರುವ ವಿದ್ಯಾರ್ಥಿಗಳಿಗೆ ನಮ್ಮ ಶ್ರುತಿಗಳಿಗೇ ಹೊಂದುವ ಆಧಾರವೊಂದು ದೊರೆಯುವುದು.