ಹಸುಗೂಸಿನ ಮೊದಲ ಬೇನೆ

ಮನೆಯಲ್ಲಿ ತೊಟ್ಟಿಲು ಕಟ್ಟಿದ ಮೇಲೆ ಕೂಸಿನ ನಗುವನ್ನು ಕಾಣುವ ಭಾಗ್ಯದೊಡನೆ ಅದರ ನರಳಿಕೆಯನ್ನು ಕೇಳುವ ರಾತ್ರಿಯೂ ಎಂದಾದರೊಮ್ಮೆ ಬಂದೇ ಬರುತ್ತದೆ. ಮಾತು ಬಾರದ ಶಿಶು ತನಗೇನಾಗುತ್ತಿದೆ ಎಂದು ಹೇಳಲಾರದು, ಹೆತ್ತವಳು ಕಣ್ಣೀರಿಡುತ್ತಾಳೆ, ಹಿರಿಯರೆನಿಸಿಕೊಂಡವರು ತಲೆಗೊಂದು ಮದ್ದು ಹೇಳುತ್ತಾರೆ. ಹಾಗೆ ಮದ್ದು ಹೇಳಿದ ಹಿರಿಯರಲ್ಲಿ ನಾವೂ ಒಬ್ಬರು. ನಮ್ಮಿಂದಾದ ತಪ್ಪನ್ನು ಓದುಗ ಶರಣಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮನೆ ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿದೆ. ಕಳೆದ ಬೇಸಿಗೆಯಲ್ಲಿ ಮಗಳು ಏಳು ತಿಂಗಳ ಕೂಸಿನೊಡನೆ ತವರಿಗೆ ಬಂದಿದ್ದಳು. ಆಗತಾನೇ ರಾಗಿ ಸರಿ ತಿನ್ನಿಸಲು ಆರಂಭಿಸಿದ್ದರು. ಒಂದು ಮಧ್ಯಾಹ್ನ ಎರಡು ಸಲ ವಾಂತಿಯಾಯಿತು. ಬಳಿಕ ನೀರಿನಂತೆ ಭೇದಿ ಹಿಡಿಯಿತು. ನಮ್ಮ ಮನೆಯವರು ಬಜೆ ತೇಯ್ದು ನೆಕ್ಕಿಸಿದರು, ದೃಷ್ಟಿ ನಿವಾಳಿಸಿದರು. ನಾವು ಹಣೆಗೆ ವಿಭೂತಿಯನ್ನಿಟ್ಟು, "ಹೊಟ್ಟೆಗೆ ವಿಶ್ರಾಂತಿ ಬೇಕು, ನಾಳೆಯವರೆಗೆ ಹಾಲು ನೀರು ಏನೂ ಬೇಡ" ಎಂದು ಅಪ್ಪಣೆ ಮಾಡಿದೆವು. ಮಠದ ಪಾಠಶಾಲೆಯ ದಿನಗಳಲ್ಲಿ ಉಪವಾಸವೇ ಔಷಧವೆಂದು ಓದಿದ ನೆನಪು. ಬಲಿತ ದೇಹಕ್ಕೆ ಹೇಳಿದ ಮಾತು ಎಳೆಗೂಸಿಗೆ ಸಲ್ಲದೆಂಬ ವಿವೇಚನೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಮಗಳು ಎದುರಾಡಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹಿರಿಯರಿಗೆ ಎದುರಾಡದಿರುವುದನ್ನು ನಾವು ಗುಣವೆಂದೇ ಕೊಂಡಾಡುತ್ತ ಬಂದಿದ್ದೇವೆ.

ರಾತ್ರಿ ಹನ್ನೊಂದರ ವೇಳೆಗೆ ಅವಳು ಬಂದು, "ಅಪ್ಪಾಜಿ, ಕೂಸು ಕಣ್ಣೇ ಬಿಡ್ತಿಲ್ಲ, ಸಂಜೆಯಿಂದ ಉಚ್ಚೇನೂ ಮಾಡಿಲ್ಲ" ಎಂದಳು. ದೀಪದ ಬೆಳಕಿನಲ್ಲಿ ನೋಡಿದೆವು. ಕಣ್ಣು ಒಳಗೆ ಇಳಿದಿತ್ತು, ನೆತ್ತಿ ಗುಳಿಬಿದ್ದಿತ್ತು, ತುಟಿ ಒಣಗಿತ್ತು. ಕ್ಷೀಣವಾಗಿ ಅತ್ತರೂ ಕಣ್ಣಿನಲ್ಲಿ ನೀರಿರಲಿಲ್ಲ. ನೆರೆಯ ಅಜ್ಜಿಯೊಬ್ಬರು ನೆತ್ತಿಗೆ ಹರಳೆಣ್ಣೆ ತಟ್ಟಿದರೆ ಸರಿಹೋಗುವುದೆಂದರು. ನೆತ್ತಿ ಗುಳಿಬೀಳುವುದು ಒಡಲಿನ ನೀರು ಬತ್ತಿದುದರ ಗುರುತು. ಮೇಲಿನ ಎಣ್ಣೆಯಿಂದ ಒಳಗಿನ ನೀರು ತುಂಬುವುದಿಲ್ಲ. ಮಗ ಅಷ್ಟರಲ್ಲಿ 108ಕ್ಕೆ ಕರೆ ಮಾಡಿಯಾಗಿತ್ತು.

ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದು ಬಿಟ್ಟರು. ಅದು ನಿಧಾನವಾಗಿ ಮರಳಿತು. "ಎದೆಹಾಲು ನಿಲ್ಲಿಸಿ ಎಂದವರು ಯಾರು?" ಎಂದು ಕೇಳಿದರು. ಮಗಳು ತಲೆ ತಗ್ಗಿಸಿದಳು. "ನಾವೇ" ಎಂದೆವು. ಅವರು ಮತ್ತೇನನ್ನೂ ಆಡದೆ ಕೆಲಸಕ್ಕೆ ತೊಡಗಿದರು. ಬತ್ತಿದ ಮೈಯಲ್ಲಿ ರಕ್ತನಾಳ ಸುಲಭವಾಗಿ ಸಿಗದು. ನರ್ಸಮ್ಮನವರು ಕೂಸಿನ ಕೈಯ ಕಪ್ಪು ಬಳೆಗಳನ್ನು ತೆಗೆಸಿ, ಮೂರನೆಯ ಸಲಕ್ಕೆ ಸೂಜಿಯನ್ನು ಸೇರಿಸಿದರು. ಎರಡನೆಯ ಸಲ ತಪ್ಪಿದಾಗ ಮಗ ದನಿಯೇರಿಸಿದ. ಅವನನ್ನು ಹೊರಗೆ ಕರೆದುಕೊಂಡು ಬಂದೆವು. ಅವನ ಕೋಪ ಅಲ್ಲಿ ಸಲ್ಲಬೇಕಾದದ್ದು ಆ ತಾಯಿಗಲ್ಲ, ನಮಗೆ.

ಆ ಜಗಲಿಯಲ್ಲಿ ಕುಳಿತಾಗ ನೆನಪಾದವಳು ನಮ್ಮ ತಂಗಿ. ನಮಗೆ ಏಳು ವರ್ಷವಿದ್ದಾಗ, 1967ರ ಬೇಸಿಗೆಯಲ್ಲಿ, ವರ್ಷ ತುಂಬದ ಆ ಹಸುಳೆ ಎರಡು ದಿನದ ಭೇದಿಯಲ್ಲಿ ಹೊರಟುಹೋದಳು. ಬಾಲಗ್ರಹವೆಂದರು. ನೀರಿನ ತಂಬಿಗೆಯತ್ತ ಅವಳು ಕೈಚಾಚುತ್ತಿದ್ದುದನ್ನೂ, ಕೊಡಬಾರದೆಂದು ಅದನ್ನು ದೂರವಿರಿಸಿದುದನ್ನೂ ನಾವು ಕಂಡಿದ್ದೆವು. ಕಂಡೂ ಅರುವತ್ತು ದಾಟಿದ ಮೇಲೆ ಅದೇ ಅಪ್ಪಣೆಯನ್ನು ಮಾಡಿದೆವಲ್ಲ!

ಆಕೆ ಹೋದ ನಾಲ್ಕು ವರ್ಷಗಳ ಬಳಿಕ, 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನಾಳಕ್ಕೆ ಹನಿಸುವ ದ್ರವ ತೀರುತ್ತ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಎಂಬ ವೈದ್ಯರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸಿನ ಜೊತೆಯಲ್ಲಿ ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಒಳಸೇರುತ್ತದೆ. ಇಷ್ಟೇ ಅದರ ಮರ್ಮ. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು ಮರು ವರ್ಷ. ಇಂದು ಆ ಪುಡಿ ಓ.ಆರ್.ಎಸ್. ಎಂಬ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ದೊರೆಯುತ್ತದೆ.

ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರಕ್ಕೆ ಸುಮಾರು 35 ಕಿಲೋಮೀಟರ್. ಹನಿಯುತ್ತಿದ್ದ ಬಾಟಲಿಯೊಡನೆಯೇ ಕೂಸನ್ನು ಅಲ್ಲಿಗೆ ಕಳುಹಿಸಿದರು. ಹಿಂದೆ ಇಂತಹ ಹೊತ್ತಿನಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯತ್ತ ಓಡುತ್ತಿದ್ದೆವು. 1997ರಲ್ಲಿ ಜಿಲ್ಲೆ ಬೇರೆಯಾಯಿತು. ವೈದ್ಯಕೀಯ ಕಾಲೇಜು ಬಂದ ಮೇಲೆ ಯಡಪುರದ ಬಳಿ 450 ಹಾಸಿಗೆಗಳ ಆಸ್ಪತ್ರೆ ಎದ್ದಿತು. 2021ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿಗಳಾದ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಒಂದು ವರ್ಷದೊಳಗಿನ ಕೂಸಿಗೆ ಇಂತಹ ಸ್ಥಿತಿಯಲ್ಲಿ ದ್ರವವನ್ನು ಆರು ಗಂಟೆಗಳಲ್ಲಿ ಕೊಡುವ ಕ್ರಮವಿದೆಯಂತೆ. ಬೆಳಗಿನ ಜಾವ ಕೂಸು ಮಗಳ ಸೀರೆಯನ್ನು ಒದ್ದೆ ಮಾಡಿತು. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ಅವಳ ಮದುವೆಯಲ್ಲಿಯೂ ಕಂಡಿರಲಿಲ್ಲ.

ಓದುಗರು ಮುಖ್ಯವಾಗಿ ಮನಗಾಣಬೇಕಾದುದು ಆಸ್ಪತ್ರೆಗೆ ಮುಂಚಿನ ಹೊತ್ತನ್ನು. ಎದೆಹಾಲನ್ನು ನಿಲ್ಲಿಸಲೇಬಾರದು. ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಬೆರೆಸಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಇನ್ನೂ ನಿಧಾನವಾಗಿ ಕೊಡಬೇಕು. ಒಂದು ದಿನ ಕಳೆದ ಮೇಲೆ ಉಳಿದುದನ್ನು ಚೆಲ್ಲಬೇಕು. ಕೂಸು ಹಾಲು ಹೀರದಿದ್ದರೆ, ಕುಡಿದುದನ್ನೆಲ್ಲ ಕಕ್ಕಿದರೆ, ಮಂಕಾಗಿ ಮಲಗಿದರೆ, ಮೈ ಸೆಟೆದರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ಮಲದಲ್ಲಿ ರಕ್ತ ಕಂಡರೆ ಯಾರ ಅಪ್ಪಣೆಗೂ ಕಾಯಕೂಡದು. ಎರಡು ತಿಂಗಳಿನೊಳಗಿನ ಶಿಶುವಿಗಾದರೆ ಬರಿಯ ಜ್ವರವೇ ಸಾಕು, ಅಂದೇ ವೈದ್ಯರಿಗೆ ತೋರಿಸಬೇಕು.

ಬಾಣಂತಿ ಹೊಸಿಲು ದಾಟಬಾರದೆಂದು ಅಂತಹ ಎಳೆಗೂಸನ್ನೂ ಮನೆಯಲ್ಲಿಯೇ ಇರಿಸಿಕೊಳ್ಳುವ ಕುಟುಂಬಗಳು ನಮ್ಮಲ್ಲಿಯೂ ಉಂಟು. ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಸಂತತಿಯವರೆಂದು ಹೇಳಿಕೊಳ್ಳುವ ನಾವು ಜನನಸೂತಕದ ನೆಪದಲ್ಲಿ ತಾಯಿಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕುವುದು ಎಲ್ಲಿಯ ಧರ್ಮ? ರಾಜ್ಯದ ಕೆಲವೆಡೆ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿ ಇನ್ನೂ ಅಳಿದಿಲ್ಲ. ಜೇನುತುಪ್ಪವನ್ನೂ ವರ್ಷ ತುಂಬುವವರೆಗೆ ನೆಕ್ಕಿಸಬಾರದೆಂದು ವೈದ್ಯರು ತಿಳಿಸಿದರು. ಇದು ನಮಗೆ ಹೊಸತು.

ಇನ್ನೊಂದು ಮಾತು. ಮರುದಿನ ನೋಡಲು ಬಂದ ಬಂಧುಗಳು ಹದಿನಾಲ್ಕು ಮಂದಿ! ಒಬ್ಬೊಬ್ಬರೂ ಕೂಸಿನ ಕೆನ್ನೆ ಮುಟ್ಟಿದರು, ಬಿಸ್ಕತ್ತಿನ ಪೊಟ್ಟಣ ಇಟ್ಟರು; ತಾಯಿ ಊಟ ಮಾಡಿದಳೇ ಎಂದು ವಿಚಾರಿಸಿದವರು ಇಬ್ಬರೇ. ಹಾಲೂಡಿಸುವವಳಿಗೆ ಮನೆಯಿಂದ ಬಿಸಿ ಅನ್ನ ಸಾರು ತಲುಪಿಸಿ, ಅವಳು ಎರಡು ಗಂಟೆ ಕಣ್ಣು ಮುಚ್ಚುವಂತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವವರು ಬೇಕು. ತಾಯಿ ಕಾರ್ಡನ್ನು ಮನೆಯಲ್ಲಿ ಮರೆತು ಬಂದುದರಿಂದ ಮಗ ಮತ್ತೆ ಊರಿಗೆ ಹೋಗಿ ಬರಬೇಕಾಯಿತು.

ಮೂರನೆಯ ದಿನ ಮನೆಗೆ ಕಳುಹಿಸುವಾಗ ಸತುವಿನ ಮಾತ್ರೆಗಳನ್ನು ಕೊಟ್ಟು, ಭೇದಿ ನಿಂತರೂ 14 ದಿನ ತಪ್ಪದೆ ಕೊಡಬೇಕೆಂದರು. ಮಗಳು ಗೋಡೆಯ ಪಂಚಾಂಗದಲ್ಲಿ ಅಷ್ಟೂ ದಿನಗಳಿಗೆ ಗುರುತು ಹಾಕಿ, "ಇದು ನಿಮ್ಮ ಕೆಲಸ, ಅಪ್ಪಾಜಿ" ಎಂದಳು. ಬೆಳಗಿನ ಲಿಂಗಪೂಜೆ ಮುಗಿಸಿ, ಚಮಚದಲ್ಲಿ ಅವಳು ಹಿಂಡಿಕೊಟ್ಟ ಎದೆಹಾಲಿಗೆ ಮಾತ್ರೆಯನ್ನು ಹಾಕಿ, ಕರಗುವವರೆಗೆ ಕಾಯುತ್ತಿದ್ದೆವು. ಕೂಸು ಮೊದಲ ದಿನ ಅದನ್ನು ನಮ್ಮ ಮೈಮೇಲೆಯೇ ಉಗಿಯಿತು.