ಅಟ್ಟದಲ್ಲಿ ಮಲಗಿದ್ದ ಮರ ಕೊಯ್ಯುವ ಮೆಷಿನು

ನಮ್ಮ ಗಡಿನಾಡಿನ ತೋಟದ ಮನೆಗಳಲ್ಲಿ ಹಳೆಯ ಸಾಮಾನುಗಳಿಗೆ ಅಟ್ಟವೇ ಗತಿ. ಮುರಿದ ನೇಗಿಲು, ತೂತುಬಿದ್ದ ಕೊಪ್ಪರಿಗೆ, ಕೆಟ್ಟುಹೋದ ಪಂಪು ಎಲ್ಲವೂ ಅಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಕಳೆದ ಬೇಸಗೆಯ ರಜೆಯಲ್ಲಿ ನಾವು ನೆರೆಮನೆಯ ಅಟ್ಟದಿಂದ ಮರ ಕೊಯ್ಯುವ ಹಳೆಯ ಮೆಷಿನೊಂದನ್ನು ಕೆಳಗಿಳಿಸಿದೆವು. ಎಷ್ಟೋ ವರ್ಷಗಳಿಂದ ಅದು ಪೆಟ್ರೋಲಿನ ಮುಖ ಕಂಡಿರಲಿಲ್ಲ.

"ಮಾಷ್ಟ್ರೇ, ಗುಜರಿಯವನು ತೂಕಕ್ಕೆ ಕೇಳಿದ್ದಾನೆ, ಕೊಟ್ಟುಬಿಡಲೇ?" ಎಂದರು ಮನೆಯ ಯಜಮಾನರು.

"ಒಂದು ತಿಂಗಳು ತಡೆಯಿರಿ ಅಣ್ಣ, ನೋಡುವ" ಎಂದೆವು.

ಜರ್ಮನಿ, ಸ್ವೀಡನ್, ಅಮೆರಿಕ, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಇಂತಹ ಹಳೆಯ ಮೆಷಿನುಗಳನ್ನು ಹುಡುಕಿ ತಂದು, ಸರಿಪಡಿಸಿ, ಸಾಲಾಗಿ ಜೋಡಿಸಿಡುವ ಹವ್ಯಾಸಿಗಳಿದ್ದಾರೆ. ಇದೇನು ಹುಚ್ಚು ಎಂದು ಮೊದಲು ನಮಗೂ ಅನಿಸಿತ್ತು. ಕೈ ಮಸಿಯಾದ ಮೇಲೆ ಅದರ ಸ್ವಾರಸ್ಯ ತಿಳಿಯಿತು.

ಹುಟ್ಟು ಮತ್ತು ಬೆಳವಣಿಗೆ

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವರು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ತಯಾರಿಸಿದರು. ಅದರ ತೂಕ 64 ಕಿಲೋ! ಮರುವರ್ಷ ಎಮಿಲ್ ಲೆರ್ಪ್ ಎಂಬವರು ತುರಿಂಗಿಯ ಪ್ರಾಂತದ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲಿನ ಗರಗಸವನ್ನು ಪರೀಕ್ಷಿಸಿದರು. 1929ರಲ್ಲಿ ಸ್ಟೀಲರೂ ಪೆಟ್ರೋಲಿನ ಮೆಷಿನನ್ನು ಹೊರತಂದರು. ನಮ್ಮ ಹಿರಿಯರ ಜೋಡಿ ಗರಗಸದಂತೆ ಇವುಗಳಿಗೂ ಆಚೆಗೊಬ್ಬ ಈಚೆಗೊಬ್ಬ ಬೇಕಾಗಿತ್ತು.

ಹಲ್ಲಿನ ಕಥೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಆರೆಗನ್ ಪ್ರಾಂತದಲ್ಲಿ ಮರ ಕಡಿಯುವ ಕಸುಬಿನ ಜೋಸೆಫ್ ಕಾಕ್ಸ್ ಎಂಬವರು 1946ರಲ್ಲಿ ಒಂದು ಕೊರಡಿನೊಳಗೆ ಮರ ಕೊರೆಯುವ ಹುಳುವನ್ನು ಕಂಡರು. ಅದರ ಬಾಗಿದ ದವಡೆಗಳು ಎಡಕ್ಕೂ ಬಲಕ್ಕೂ ಕೆತ್ತುತ್ತ ಸಲೀಸಾಗಿ ಮುಂದುವರಿಯುವುದನ್ನು ನೋಡಿ, ಅದೇ ಮಾದರಿಯ ಹಲ್ಲುಗಳುಳ್ಳ ಚೈನನ್ನು ರೂಪಿಸಿ 1947ರಲ್ಲಿ ಮಾರಾಟಕ್ಕಿಟ್ಟರು. ಇಂದಿನ ಚೈನುಗಳೂ ಅದೇ ತತ್ತ್ವದವು. ಹುಳುವೂ ಮನುಷ್ಯನಿಗೆ ಗುರುವಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

1959ರಲ್ಲಿ ಸ್ಟೀಲ್ ಸಂಸ್ಥೆಯ 'ಕಾಂಟ್ರಾ' ಬಂದಿತು. ನಡುವೆ ಹಲ್ಲುಗಾಲಿಗಳಿಲ್ಲದೆ ಇಂಜಿನು ನೇರವಾಗಿ ಚೈನನ್ನು ತಿರುಗಿಸುವ, ಸುಮಾರು 12 ಕಿಲೋ ತೂಕದ, ಒಬ್ಬನೇ ಹಿಡಿಯಬಹುದಾದ ಮೆಷಿನದು. ನೆರೆಮನೆಯ ಅಟ್ಟದಲ್ಲಿದ್ದ 070 ಅದೇ ವಂಶದ ಕುಡಿ.

ಎಚ್ಚರಿಸುವ ಕ್ರಮ

ಬಹುಕಾಲ ಮಲಗಿದ ಯಂತ್ರದ ಹಗ್ಗವನ್ನು ಸಿಕ್ಕಿದ ಕೂಡಲೇ ಎಳೆಯಬಾರದು. ನಾವು ಮೊದಲು ಪ್ಲಗ್ಗನ್ನೂ ಹೊಗೆ ಹೋಗುವ ಡಬ್ಬಿಯನ್ನೂ ಬಿಚ್ಚಿದೆವು. ಡಬ್ಬಿಯ ಬಾಯಿಯಲ್ಲಿ ಕಣಜದ ಮಣ್ಣುಗೂಡು! ಆ ಮಣ್ಣು ಒಳಗೆ ಹೋಗಿದ್ದರೆ ಪಿಸ್ಟನ್ನಿನ ಗತಿ ಮುಗಿಯುತ್ತಿತ್ತು. ಅದನ್ನು ತೆಗೆದು, ಆ ಕಿಂಡಿಯಿಂದ ಟಾರ್ಚು ಹಿಡಿದು ನೋಡಿದೆವು. ಪಿಸ್ಟನ್ನಿನ ಮೈ ನುಣುಪಾಗಿದ್ದರೆ ಮುಂದಿನ ಖರ್ಚಿಗೆ ಅರ್ಥವುಂಟು. ಉದ್ದುದ್ದ ಗೀರುಗಳಿದ್ದರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಇಲ್ಲಿ ನುಣುಪಾಗಿತ್ತು. ಪ್ಲಗ್ಗಿನ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆದು, ಮೆಲ್ಲನೆ ತಿರುಗಿಸಿದೆವು.

ಎರಡನೆಯದು ಕಿಡಿ. ಹಳೆಯ ಮೆಷಿನುಗಳಲ್ಲಿ ಗಾಲಿಯ ಅಡಿಯಲ್ಲಿ 'ಪಾಯಿಂಟು'ಗಳೆಂಬ ಎರಡು ಲೋಹದ ತುದಿಗಳಿರುತ್ತವೆ. ಇವುಗಳ ಮೇಲೆ ಕಿಟ್ಟ ಕಟ್ಟಿದರೆ ಕಿಡಿಯಿಲ್ಲ. ಒರಸಿ, ನಡುವಣ ಅಂತರವನ್ನು 0.4 ಮಿಲಿಮೀಟರಿನ ಆಸುಪಾಸಿಗೆ ತಂದಾಗ ನೀಲಿ ಕಿಡಿ ಹಾರಿತು.

ಮೂರನೆಯದು ಪೆಟ್ರೋಲಿನ ದಾರಿ. ಟ್ಯಾಂಕಿಯಲ್ಲಿ ಗೋಂದಿನಂತಹ ಗಸಿ ಇತ್ತು. ಕೊಳವೆ ಮುಟ್ಟಿದಲ್ಲಿ ಪುಡಿಯಾಯಿತು. ಮೆಷಿನನ್ನು ಅಡ್ಡ ಹಿಡಿದರೂ ಬುಡಮೇಲಾಗಿಸಿದರೂ ಪೆಟ್ರೋಲು ಹರಿಯುವಂತೆ ಮಾಡುವುದು ಕಾರ್ಬ್ಯುರೇಟರಿನೊಳಗಿನ ತೆಳುವಾದ ಪೊರೆ. ಅದು ಒಣಗಿದ ಅಡಿಕೆ ಹಾಳೆಯಂತೆ ಸೆಟೆದುಹೋಗಿತ್ತು. ಪೊರೆ, ಕೊಳವೆ, ಇಂಜಿನಿನ ದಂಡದ ಎರಡು ಬದಿಯ ಆಯಿಲ್ ಸೀಲುಗಳು, ಇಷ್ಟನ್ನೂ ಹೊಸದು ಹಾಕಿದೆವು. ಸೀಲು ಸೋರಿದರೆ ಗಾಳಿ ಹೆಚ್ಚಾಗಿ, ಎಣ್ಣೆ ಬೆರೆತ ಪೆಟ್ರೋಲು ಕಡಮೆಯಾಗಿ, ಪಿಸ್ಟನ್ ಸುಟ್ಟುಹೋಗುತ್ತದೆ. ಈ ಮೆಷಿನಿಗೆ ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಟು-ಸ್ಟ್ರೋಕ್ ಎಣ್ಣೆ ಬೆರೆಸಿದೆವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಟ್ಯಾಂಕಿ ಬರಿದು ಮಾಡತಕ್ಕದ್ದು.

ಬಣ್ಣ ಮಾತ್ರ ಬಳಿಯಲಿಲ್ಲ. ಹಿಡಿಯಲ್ಲಿ ಯಾರದೋ ಅಂಗೈ ಸವೆಸಿದ ಗುರುತು ಇತ್ತು. ಅದನ್ನು ಅಳಿಸಲು ಮನಸ್ಸು ಬರಲಿಲ್ಲ.

ನಮ್ಮ ಅವಿವೇಕ

ಏಳನೆಯ ಎಳೆತಕ್ಕೆ ಮೆಷಿನು ಗುಡುಗಿತು. ಅಂಗಳದಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಉತ್ಸಾಹ ತಡೆಯದೆ ಹಲಸಿನ ಕೊರಡೊಂದನ್ನು ಕೊಯ್ಯಹೊರಟೆವು. ಕೊರಡಿನ ಹಿಂದೆ ಮತ್ತೊಂದು ಗೆಲ್ಲು ಇದ್ದುದನ್ನು ನೋಡಿರಲಿಲ್ಲ. ಬಾರಿನ ತುದಿಯ ಮೇಲ್ಭಾಗ ಅದಕ್ಕೆ ತಗಲಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾರ್ ಮೇಲಕ್ಕೆ ಚಿಮ್ಮಿ ನಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಮೆಷಿನು ಕೆಳಗಿಟ್ಟು ಜಗಲಿಯಲ್ಲಿ ಕುಳಿತಾಗ ಕೈ ನಡುಗುತ್ತಿತ್ತು. ಮಕ್ಕಳು ಮಾತಾಡಲಿಲ್ಲ.

ಆದುದೇನೆಂದರೆ, ತುದಿಯಲ್ಲಿ ಹಲ್ಲು ಮರಕ್ಕೆ ಸಿಕ್ಕಿ ನಿಂತರೆ ಚೈನಿನ ಬಲವೆಲ್ಲ ಬಾರನ್ನೇ ಹಿಂದಕ್ಕೆ ಎಸೆಯುತ್ತದೆ. ಈಗಿನ ಮೆಷಿನುಗಳಲ್ಲಿ ಮುಂಗೈಯ ಎದುರು ಒಂದು ತಡೆ ಇರುತ್ತದೆ. ಬಾರ್ ಚಿಮ್ಮಿದೊಡನೆ ಅದು ಮುಂದಕ್ಕೆ ಬಾಗಿ, ಉಕ್ಕಿನ ಪಟ್ಟಿಯೊಂದು ಬಿಗಿದುಕೊಂಡು ಚೈನನ್ನು ಕ್ಷಣದಲ್ಲಿ ನಿಲ್ಲಿಸುತ್ತದೆ. ಈ ಚೈನ್ ಬ್ರೇಕು ಬಂದುದು 1970ರ ದಶಕದ ಆರಂಭದಲ್ಲಿ. ನಾವು ಹಿಡಿದಿದ್ದ ಮೆಷಿನಿಗೆ ಅದು ಇರಲಿಲ್ಲ. ಅದುರುವಿಕೆ ತಗ್ಗಿಸುವ ಹಿಡಿಗಳು ಬಂದುದೂ 1960ರ ದಶಕದಲ್ಲಿಯೇ. ಅದಕ್ಕೆ ಮೊದಲು ವರ್ಷಗಟ್ಟಲೆ ದುಡಿದ ಕಾಡಿನ ಕೆಲಸಗಾರರಿಗೆ ಬೆರಳು ಬಿಳಿಚಿಕೊಂಡು ಮರಗಟ್ಟುವ ಬೇನೆ ಬರುತ್ತಿತ್ತು. ಇಂದಿನ ಮೆಷಿನಿನ ಒಂದೊಂದು ರಕ್ಷಣೆಯ ಭಾಗದ ಹಿಂದೆಯೂ ಯಾರದೋ ಕೈಯ, ಯಾರದೋ ಮುಖದ ನೋವಿದೆ. ಹಳೆಯ ಮೆಷಿನು ಕಲಿಸುವ ಮುಖ್ಯ ಪಾಠ ಇದೇ.

ರೈತ ಬಾಂಧವರಲ್ಲಿ ಬಿನ್ನಹ

ಹಳೆಯ ಮೆಷಿನಿದ್ದರೆ ಗುಜರಿಗೆ ಕೊಡಬೇಡಿ. ಸರಿಪಡಿಸಿ, ಮಕ್ಕಳಿಗೆ ತೋರಿಸಿ. ಆದರೆ ಅದರಿಂದ ಮರ ಕೊಯ್ಯಬೇಡಿ. ಇನ್ನು, ಬ್ರೇಕು ಕೆಲಸಕ್ಕೆ ಅಡ್ಡಿಯೆಂದು ಕಳಚಿಟ್ಟ ಹೊಸ ಮೆಷಿನುಗಳನ್ನೂ ನಾವು ಕಂಡಿದ್ದೇವೆ. ಅದು ಹೊಸ ಮೆಷಿನನ್ನು ಕೈಯಾರೆ ಹಳತು ಮಾಡಿದಂತೆ. ಮರ ಕೊಯ್ಯಲು ಜನ ಬಂದಾಗ ಕೂಲಿ ಮಾತಾಡುವ ಮೊದಲು, "ಬ್ರೇಕು ಹಾಕಿ ತೋರಿಸು ತಮ್ಮಾ" ಎನ್ನಿ. ತಡೆಯನ್ನು ಮುಂದಕ್ಕೆ ತಳ್ಳಿದಾಗ ತಿರುಗುವ ಚೈನು ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಮರ ಇನ್ನೊಂದು ದಿನ ನಿಂತಿರಲಿ. ಕೊಯ್ಯುವವನಿಗೂ ಮನೆಯಲ್ಲಿ ಕಾಯುವ ಮಕ್ಕಳಿರುತ್ತಾರೆ.

ನೆರೆಮನೆಯ ಮೆಷಿನು ಈಗ ಅಟ್ಟದಲ್ಲಿಲ್ಲ, ಚಾವಡಿಯ ಮೂಲೆಯಲ್ಲಿದೆ. ಬಾರನ್ನೂ ಚೈನನ್ನೂ ಕಳಚಿ ಗೋಡೆಗೆ ತೂಗುಹಾಕಿದ್ದೇವೆ. ವರುಷಕ್ಕೊಮ್ಮೆ ಆಯುಧಪೂಜೆಯ ದಿನ ಅದನ್ನು ಎರಡು ನಿಮಿಷ, ವೇಗ ಏರಿಸದೆ, ನಡೆಸುವುದೆಂದು ತೀರ್ಮಾನವಾಗಿದೆ.