ಚಿತ್ರಕಾರನ ಮನೆಗೆ ಯಶವಂತಪುರದಲ್ಲಿ ಇಳಿಯಿರಿ

ತಿಪಟೂರಿನಿಂದ ಬೆಂಗಳೂರಿಗೆ ರೈಲು ಹತ್ತುವವರು ಆಸ್ಪತ್ರೆಗೋ, ಮದುವೆ ಜವಳಿಗೋ, ಮಗಳ ಪಿ.ಜಿ.ಗೆ ಅಡ್ವಾನ್ಸ್ ಕಟ್ಟಲಿಕ್ಕೋ ಹೋಗುತ್ತಾರೆ. ಚಿತ್ರ ನೋಡಲೆಂದೇ ಹೊರಟವರು ಅಪರೂಪ. ಹಾಗೆ ಹೊರಡುವ ಮನಸ್ಸಿದ್ದರೆ ಯಶವಂತಪುರದಲ್ಲಿ ಇಳಿದು ಆಟೋ ಹಿಡಿಯಿರಿ. ರಾಜಾಜಿನಗರದಲ್ಲಿ ‘ರುಮಾಲೆ ಆರ್ಟ್ ಹೌಸ್’ ಇದೆ. ನಿಸರ್ಗಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನು ಅವರ ಆಪ್ತ ಕುಟುಂಬವೊಂದು ಇಲ್ಲಿ ಜತನದಿಂದ ಕಾಪಾಡಿಕೊಂಡು ಬಂದಿದೆ. ತುರುವೇಕೆರೆಯವರು ಬಾಣಸಂದ್ರದಲ್ಲಿ ರೈಲು ಹತ್ತಬಹುದು. ಚಿಕ್ಕನಾಯಕನಹಳ್ಳಿಯವರಿಗೆ ಎಂದಿನಂತೆ ಬಸ್ಸೇ ಗತಿ. ಸರ್ಕಾರಿ ಮ್ಯೂಸಿಯಂಗೆ ನುಗ್ಗಿದ ಹಾಗೆ ನುಗ್ಗುವಂತಿಲ್ಲ, ಮೊದಲೇ ಫೋನ್ ಮಾಡಿ ಹೋಗುವುದು ಒಳ್ಳೆಯದು.

ರುಮಾಲೆ ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಬೆಂಗಳೂರಿನ ಕಲಾಮಂದಿರದಲ್ಲೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲೂ ಕುಂಚ ಹಿಡಿದು ಕಲಿತರು. ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿ ಕರೆಯಿತು. ಬಣ್ಣದ ಪೆಟ್ಟಿಗೆ ಮೂಲೆ ಸೇರಿತು. ಸೇವಾದಳ, ಜೈಲು, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ಶಾಸನಸಭೆ. ಮತ್ತೆ ಕುಂಚ ಹಿಡಿಯುವ ಹೊತ್ತಿಗೆ ಅರವತ್ತರ ದಶಕ ಬಂದಿತ್ತು, ವಯಸ್ಸು ಐವತ್ತು ದಾಟಿತ್ತು. ರಾಜಕೀಯದ ರುಚಿ ಹತ್ತಿದವರು ಅದನ್ನು ಬಿಟ್ಟು ಮರದ ಕೆಳಗೆ ಕ್ಯಾನ್ವಾಸ್ ಹಿಡಿದು ನಿಂತ ಉದಾಹರಣೆ ನಮ್ಮಲ್ಲಿ ಎಷ್ಟಿವೆಯೋ! 1988ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಹಟ ಬಿಡಲಿಲ್ಲ.

ಅವರ ತೈಲಚಿತ್ರವನ್ನು ಅಚ್ಚಿನಲ್ಲಿ ನೋಡಿದರೆ ಅರ್ಧ ನೋಡಿದಂತೆ. ಬಣ್ಣವನ್ನು ಗೋಡೆಗೆ ಗಾರೆ ಮೆತ್ತಿದ ಹಾಗೆ ದಪ್ಪಕ್ಕೆ ಮೆತ್ತಿದ್ದಾರೆ. ಹತ್ತಿರ ನಿಂತವರಿಗೆ ಹಳದಿ, ಕೆಂಪು, ನೇರಳೆ ಗಂಟುಗಳಷ್ಟೇ ಕಾಣುತ್ತವೆ. ರೆಂಬೆ ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಆ ಗಂಟುಗಳೆಲ್ಲ ಕೂಡಿಕೊಂಡು ಹೂವು ತುಂಬಿದ ಒಂದು ಗುಲ್‌ಮೊಹರ್ ನಿಲ್ಲುತ್ತದೆ. ನೆರಳಿಗೆ ಕಪ್ಪು ಬಳಿದು ಕೈತೊಳೆದುಕೊಂಡವರಲ್ಲ, ನೆರಳಲ್ಲೂ ನೀಲಿ, ಹಸಿರು ಹುಡುಕಿದ್ದಾರೆ. ವ್ಯಾನ್‌ಗೋನನ್ನು ನೆನೆಯದೆ ರುಮಾಲೆಯವರನ್ನು ನೋಡುವುದು ಕಷ್ಟ ಎನ್ನುವವರಿದ್ದಾರೆ. ಇರಬಹುದು. ಆದರೆ ವ್ಯಾನ್‌ಗೋನ ತಳಮಳ ಇಲ್ಲಿಲ್ಲ. ಇಲ್ಲಿರುವುದು ಹೂವಿನ ಕಾಲಕ್ಕೆ ಕಾದು ಕುಳಿತವನ ಸಡಗರ.

ಆ ಹೂವಿನ ಕಾಲಕ್ಕೂ ಒಂದು ಲೆಕ್ಕವಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು. ಅವರು ನೆಡಿಸಿದ ಬೆಂಗಳೂರನ್ನು ರುಮಾಲೆ ಚಿತ್ರಕ್ಕಿಳಿಸಿದರು. ರಸ್ತೆ ಅಗಲೀಕರಣಕ್ಕೂ ಮೇಲ್ಸೇತುವೆಗೂ ಸಾಲುಮರಗಳು ಉರುಳಿದ ಮೇಲೆ ಈ ಚಿತ್ರಗಳ ಕೆಲಸವೇ ಬದಲಾಯಿತು. ಬರೆದಾಗ ಅವು ಚೆಲುವಿನ ಚಿತ್ರಗಳು; ಈಗ ಕಂದಾಯ ಇಲಾಖೆಯ ಹಳೇ ಪಹಣಿಯಷ್ಟೇ ಗಟ್ಟಿ ದಾಖಲೆಗಳು.

ಚಿತ್ರಕಾರ ಹೋದ ಮೇಲೆ ಅವನ ಹೆಸರಿನ ಮನೆ ಏನು ಮಾಡಬೇಕು? ಹಳೆಯದನ್ನು ಒರೆಸಿ, ಮೊಳೆ ಹೊಡೆದು, ಬೀಗ ಹಾಕಿಟ್ಟರೆ ಸಾಕೆ? ಸಾಲದು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಎಂಬ ಊರಿನ ಒಂದು ಮನೆ ಸಾಕ್ಷಿ. ಹಡ್ಸನ್ ನದಿ ದಂಡೆಯ ನಿಸರ್ಗಚಿತ್ರಕಾರರ ಗುಂಪಿಗೆ ಮೂಲಪುರುಷನಾದ ಥಾಮಸ್ ಕೋಲ್ 1836ರಲ್ಲಿ ಮದುವೆಯಾಗಿ ನೆಲೆ ನಿಂತದ್ದು, 1848ರಲ್ಲಿ ತೀರಿಕೊಂಡದ್ದು ಆ ಮನೆಯಲ್ಲೇ. ಅವನು ತಾನೇ ನಕ್ಷೆ ಹಾಕಿ 1846ರಲ್ಲಿ ಕಟ್ಟಿಸಿದ ಸ್ಟುಡಿಯೊವನ್ನು 1973ರಲ್ಲಿ ಕೆಡವಿಯೇಬಿಟ್ಟಿದ್ದರು. ಉಳಿದ ಮನೆ 2001ರಲ್ಲಿ ಜನರಿಗೆ ತೆರೆಯಿತು. ಸ್ಟುಡಿಯೊವನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿ 2016ರಲ್ಲಿ ಪ್ರದರ್ಶನಾಲಯ ಮಾಡಿದರು. ಅದೇ ವರ್ಷದಿಂದ ಇಂದಿನ ಕಲಾವಿದರನ್ನೂ ಕರೆದು, ಕೋಲನ ಕೋಣೆಗಳಲ್ಲೇ, ಅವನ ಕುರ್ಚಿ ಮೇಜುಗಳ ನಡುವೆಯೇ ಅವರ ಕೃತಿಗಳನ್ನಿಡುತ್ತಾರೆ. 2019ರಲ್ಲಿ ಕಿಕಿ ಸ್ಮಿತ್ ಬಂದರು. 2024ರಲ್ಲಿ ಅಮೆರಿಕದ ಮೂಲನಿವಾಸಿ ಕಲಾವಿದರು ಬಂದು, ‘ಈ ಬೆಟ್ಟ ನಿನಗಿಂತ ಮೊದಲು ಯಾರದಾಗಿತ್ತು?’ ಎಂದು ಕೋಲನನ್ನು ಅವನ ಮನೆಯಲ್ಲೇ ಕೇಳಿದಂತಾಯಿತು. ಕೋಲ್ ಬೇಸರಪಡುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಊರಿನ ಮರ ಕಡಿದು ರೈಲು ಹಾದಿ ಹಾಕಿದ್ದಕ್ಕೆ ಸಿಟ್ಟಾಗಿದ್ದ ಮನುಷ್ಯ ಅವನು. 1843ರ ಒಂದು ಚಿತ್ರದಲ್ಲಿ ಆ ರೈಲನ್ನೇ ದೂರದಲ್ಲಿ ಚಿಕ್ಕದಾಗಿ ಬರೆದಿಟ್ಟ.

ನಮ್ಮ ಕಡೆ ನೋಡಿಕೊಂಡರೆ, ಬರೆಯುವುದಕ್ಕೆ ವಿಷಯದ ಬರವಿಲ್ಲ. ತೊಂಬತ್ತರ ದಶಕದ ಕೊನೆಗೆ ತೆಂಗಿನ ತೋಟಕ್ಕೆ ಕಾಲಿಟ್ಟ ನುಸಿ, ಗರಿಯ ಹಸಿರನ್ನೇ ಕೆರೆದು ತಿನ್ನುವ ಕಪ್ಪು ತಲೆ ಹುಳು, ಕಾಂಡ ಸೋರುವ ರೋಗ, ಬೋರ್‌ವೆಲ್ ಬತ್ತಿ ಸುಳಿ ಒಣಗಿದ ಸಾಲುಗಳು, ಚಿಕ್ಕನಾಯಕನಹಳ್ಳಿ ಗಣಿಯ ಕೆಂಪು ಗುಡ್ಡಗಳು, ತುರುವೇಕೆರೆ ಕಡೆ ಹೇಮಾವತಿ ನಾಲೆ ಬಂದ ಮೇಲೆ ಬಣ್ಣ ಬದಲಿಸಿದ ಹೊಲಗಳು. ಆದರೆ ‘ಕಲ್ಪತರು ನಾಡು’ ಎಂದೊಡನೆ ಕ್ಯಾಲೆಂಡರಿನವರು ಬರೆಯುವುದು ಕೆರೆ ದಂಡೆಗೆ ಬಾಗಿದ ಒಂದು ತೆಂಗಿನ ಮರ, ಹಿಂದೊಂದು ಸೂರ್ಯಾಸ್ತ. ಬಾಗಿದ ಮರ ಕರಾವಳಿಯದು. ತಿಪಟೂರಿನ ತೋಟದ ಮರ ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಇಷ್ಟನ್ನಾದರೂ ಸ್ಥಳದಲ್ಲೇ ನಿಂತು ನೋಡಿ ಬರೆಯುವುದನ್ನು ನಮ್ಮ ಡ್ರಾಯಿಂಗ್ ಮಕ್ಕಳು ರುಮಾಲೆಯವರಿಂದ ಕಲಿಯಬಹುದು.

ಪ್ರದರ್ಶನಕ್ಕೆ ಜಾಗವೆಲ್ಲಿ ಎಂದು ಕೇಳುವವರಿಗೆ ನಮ್ಮ ಹಳೇ ಮನೆಗಳನ್ನೇ ತೋರಿಸುತ್ತೇನೆ. ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುವ ಮನೆಗಳಿವು: ಎತ್ತರದ ಗೋಡೆ, ಗಾಳಿಯಾಡುವ ಪಡಸಾಲೆ, ಮಧ್ಯಾಹ್ನದ ಬಿಸಿಲಿಗೂ ತಂಪು. ಇವನ್ನು ಕೆಡವಿ ತಾರಸಿ ಹಾಕಿಸುವ ಮೊದಲು ಒಂದೆರಡನ್ನಾದರೂ ವರ್ಷಕ್ಕೊಂದು ವಾರ ಚಿತ್ರಗಳಿಗೆ ಬಿಟ್ಟುಕೊಡಬಹುದು. ಒಂದು ಗೋಡೆಗೆ ತಾತನ ಕಾಲದ ತೋಟದ ಫೋಟೊ, ಎದುರು ಗೋಡೆಗೆ ಕಾಲೇಜು ಹುಡುಗಿ ಬರೆದ ನುಸಿ ಹಿಡಿದ ತೋಟ. ಕೊಬ್ಬರಿ ಸುಲಿಯುವ ದಿನಗಳಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಆ ಧೂಳಿಗೆ ಯಾವ ಜಲವರ್ಣವೂ ತಡೆಯುವುದಿಲ್ಲ.